ಥರ್ಮೋಕೋಲ್ ಕೋಣೆಯಲ್ಲಿ ದೇವರಾಯಸಮುದ್ರಕ್ಕೆ

ಮೊದಲನೆಯ ಮೂಟೆ ಮಾಲೂರಿನಲ್ಲಿ, ನಮ್ಮ ಮನೆಯ ಬಾಗಿಲಲ್ಲೇ ಗಾಡಿ ಹತ್ತಿತು. ನಾನು ಎಂಜಿನ್ ಎಣ್ಣೆ ನೋಡಿ, ಬಾನೆಟ್ ಮುಚ್ಚಿ, ಹಿಂದಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆಯ ಚೌಡಮ್ಮನವರು ಅರ್ಧ ಮೂಟೆ ರಾಗಿಯನ್ನು ಅಮ್ಮನ ಕಾಲ ಬಳಿ ನೂಕಿ ಕೈ ಕೊಡವಿಕೊಳ್ಳುತ್ತಿದ್ದರು.

"ಇದೇನಮ್ಮ ಇದು?" ಅಂದೆ.

"ನಿಮ್ಮಮ್ಮ ಅಕ್ಕನ ಮನೆಗೆ ಹೋಗ್ತಾವ್ರೆ. ಬರಿಗೈಲಿ ಹೋಗ್ತಾರೇನಪ್ಪ?"

ನಾನು ಮೂಟೆಯನ್ನು ಎಳೆದು ಕೆಳಗೆ ಹಾಕಿದೆ. ಚೌಡಮ್ಮನವರ ಮುಖ ಚಿಕ್ಕದಾಯಿತು. ಗಾಡಿಯೊಳಗೆ ಅಮ್ಮನ ಪಕ್ಕ ಕೂತಿದ್ದ ನನ್ನ ಹೆಂಡತಿ ಸರೋಜ ಕಣ್ಣಲ್ಲೇ ಗದರಿದಳು. ಊರು ಬಿಡುವ ಮೊದಲೇ ಒಂದು ಮನೆಯ ಮಾತು ಕಳೆದುಕೊಂಡಂತಾಯಿತು.

ಅರ್ಧ ಮೂಟೆ ರಾಗಿಗೆ ಇಷ್ಟು ರಂಪವೇ ಎಂದು ನೀವು ಕೇಳಬಹುದು. ಹೌದು, ಇಷ್ಟೇ ರಂಪ. ಆ ಗಾಡಿ ಯಾಕೆ ಕಟ್ಟಿದೆ ಎಂದು ಹೇಳಿದರೆ ನಿಮಗೂ ಸಿಟ್ಟು ಬರುತ್ತದೆ.

ಎರಡು ವರ್ಷದ ಹಿಂದೆ ಅಮ್ಮ ಬಚ್ಚಲ ಕಲ್ಲಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆಯೇನೋ ಕೂಡಿತು, ಆದರೆ ಕೂರಲು ಆಗಲಿಲ್ಲ. ಮಲಗಿರಬೇಕು, ಇಲ್ಲವೇ ಇಬ್ಬರು ಹಿಡಿದುಕೊಂಡರೆ ಒಂದು ಗಳಿಗೆ ನಿಲ್ಲಬೇಕು. ಅವಳ ತವರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಗಂಡು ಮಕ್ಕಳಿಲ್ಲದ ಮನೆ ಅದು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ ರಾಮಕ್ಕ, ಮನೆ ಅಳಿಯನನ್ನು ಕಟ್ಟಿಕೊಂಡು ಹುಟ್ಟಿದ ಮನೆಯಲ್ಲೇ ಬಾಳಿದವಳು. ನಮ್ಮಪ್ಪ ತೀರಿಕೊಂಡ ಮೇಲೂ ಒಂದೆರಡು ಸಲ ಬಂದು ಹೋಗಿದ್ದಳು. ಆಮೇಲೆ ನಾಲ್ಕು ವರ್ಷದಿಂದ ಪತ್ತೆಯಿಲ್ಲ. ಅವಳು ಬರದೆ ನಾನು ಹೋಗಲ್ಲ ಎಂದು, ಬೀಳುವ ಮೊದಲಿನ ಎರಡು ವರ್ಷ ಅಮ್ಮನೂ ಹೋಗಲಿಲ್ಲ. "ನಾನು ಸತ್ತಿದ್ದೀನೋ ಬದುಕಿದ್ದೀನೋ ಅಂತ ನೋಡೋಕೂ ಬರಲಿಲ್ಲ ಅಕ್ಕಯ್ಯ" ಎಂದು ಅಮ್ಮ ದಿನವೂ ಅನ್ನುತ್ತಿದ್ದಳು. ಹಾಗಂತ ಬಿದ್ದ ಸುದ್ದಿ ಕಳಿಸೋಣವೆಂದರೆ ಬಿಡುತ್ತಿರಲಿಲ್ಲ. "ಬೇಡ, ಎದೆ ಒಡ್ಕೋತಾಳೆ. ಚೆನ್ನಾಗಿದ್ದೀನಿ ಅಂತ ಹೇಳಿಕಳ್ಸು." ಸುದ್ದಿ ಹೇಳಲು ಬಿಡಳು, ಬರಲಿಲ್ಲವೆಂದು ಬೈಯುವುದನ್ನೂ ಬಿಡಳು.

ಕೊನೆಗೆ, ಸಾಯುವುದರೊಳಗೆ ಒಮ್ಮೆ ಅವಳ ಮುಖ ನೋಡಿ ಬಾಯಿತುಂಬ ಬೈದು ಬರಬೇಕು ಎಂದು ಹಟ ಹಿಡಿದಳು. ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿಕೊಂಡು ಹೋಗೋಣ, ಇಡೀ ಸೀಟಿನ ಟಿಕೆಟ್ಟು ನಾನೇ ತೆಗೆದುಕೊಳ್ಳುತ್ತೇನೆ ಎಂದು ಕೇಳಿದೆ. ಕಂಡಕ್ಟರು "ಮಲಗೋರು ಆಸ್ಪತ್ರೆಗೆ ಹೋಗ್ಲಿ, ಇದು ಬಸ್ಸು" ಎಂದು ಸೀಟಿ ಊದಿದ. ಅಮ್ಮ ಬಸ್ ಸ್ಟ್ಯಾಂಡಿನ ನೆಲದಲ್ಲಿ ಚಾಪೆಯ ಮೇಲೆ ಮಲಗಿ ಅದನ್ನು ಕೇಳಿಸಿಕೊಂಡಳು. ಅವತ್ತು ಏರಿದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆ ಸಿಟ್ಟಿನಲ್ಲೇ ಈ ಕೋಣೆ ಕಟ್ಟಿದ್ದು.

ಆಗ ನಾನು ಹೊಸಕೋಟೆ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫೈಬರ್ ನೀರಿನ ತೊಟ್ಟಿ ಮಾಡುವ ಕೆಲಸದಲ್ಲಿದ್ದೆ. ನನ್ನ ಯೋಗ್ಯತೆಗೆ ಸಿಕ್ಕಿದ್ದು ಒಂದು ಹಳೇ ಪಿಕಪ್ಪು. ಹಿಂದಿನ ಚಕ್ರದ ಮೇಲಿನ ಕಮಾನು ಪಟ್ಟಿಗೆ ಬೆಸುಗೆ ಹಾಕಿದ ಗಾಡಿ. ಅದರ ಮೇಲೆ ಮರದ್ದೋ ತಗಡಿನದ್ದೋ ಕೋಣೆ ಕೂರಿಸಿದ್ದರೆ ಅಮ್ಮನನ್ನು ಹತ್ತಿಸುವ ಮೊದಲೇ ಕುಕ್ಕರಿಸುತ್ತಿತ್ತು. ಆದ್ದರಿಂದ ಎರಡು ತೆಳು ಪ್ಲೈವುಡ್ ಹಾಳೆಗಳ ನಡುವೆ ಥರ್ಮೋಕೋಲ್ ಇಟ್ಟು ಅಂಟಿಸಿ ಗೋಡೆ ಮಾಡಿದೆ. ಬಿಡಿಬಿಡಿಯಾಗಿ ನೋಡಿದರೆ ಮೂರೂ ಕೈಲಾಗದವು, ಒಂದಾದರೆ ಗಟ್ಟಿ. ಬಲವೆಲ್ಲ ಆಚೀಚೆಯ ಹಾಳೆಗಳದ್ದು ಮತ್ತು ಅಂಟಿನದು. ಅಂಟು ಬಿಟ್ಟರೆ ಕಥೆ ಮುಗಿಯಿತು.

ಮೊದಲ ಹಲಗೆಗೆ ಆತುರದಲ್ಲಿ ಫೈಬರಿನ ರೆಸಿನ್ನನ್ನೇ ಥರ್ಮೋಕೋಲಿನ ಮೇಲೆ ಬಳಿದುಬಿಟ್ಟಿದ್ದೆ. ಬಿಸಿ ಬಾಣಲೆಗೆ ಬಿದ್ದ ಬೆಲ್ಲದ ಹಾಗೆ ಅದು ಕಣ್ಣೆದುರೇ ಕರಗಿಹೋಯಿತು. ಆಮೇಲೆ ಒಳಗೆ ಬಡಗಿಗಳ ಬಿಳಿ ಅಂಟು, ಹೊರಮೈಗೆ ಮಾತ್ರ ಫೈಬರ್ ಬಟ್ಟೆ ಮತ್ತು ರೆಸಿನ್ ಎಂದು ಮಾಡಿದೆ. ಅಂಟು ಹಿಡಿಯುವ ತನಕ ಒತ್ತಿಡಲು ಯಂತ್ರ ಬೇಕು. ಮಾಲೂರಿನಲ್ಲಿ ಯಂತ್ರಕ್ಕೆ ಬರ ಇರಬಹುದು, ಹೆಂಚಿಗೆ ಬರವಿಲ್ಲ. ಹಲಗೆಯನ್ನು ಅಂಗಳದಲ್ಲಿ ಮಲಗಿಸಿ ಮೇಲೆ ಹೆಂಚು ಪೇರಿಸಿದೆ. ಬೀದಿಯವರೆಲ್ಲ ಮನೆ ರಿಪೇರಿಯೆಂದು ತಿಳಿದರು.

ಸೂರು ಏರಿಳಿಯುವಂಥದ್ದು. ಓಡುವಾಗ ಇಳಿಸಿದ್ದರೆ ಗಾಳಿಗೆ ಅಡ್ಡವಾಗುವುದಿಲ್ಲ. ನಿಂತಾಗ ಒಳಗಿನಿಂದ ಭುಜ ಕೊಟ್ಟರೆ ನಾಲ್ಕು ಮೂಲೆಯ ಕಬ್ಬಿಣದ ಕೀಲುಗಳು ಬಿಚ್ಚಿಕೊಂಡು ಮೇಲೇರುತ್ತಿತ್ತು, ಮಡಿಚಿಟ್ಟಿದ್ದ ಕ್ಯಾನ್ವಾಸು ಸುತ್ತಲೂ ಗೋಡೆಯಾಗಿ ನಿಲ್ಲುತ್ತಿತ್ತು. ಅದರಲ್ಲಿ ಕಿಟಕಿ, ಕಿಟಕಿಗೆ ಇಳಿಬಿಡುವ ಪರದೆ. ಸರೋಜ ಒಬ್ಬಳೇ ಸೂರನ್ನು ಎತ್ತುತ್ತಿದ್ದಳು. ಅಷ್ಟು ಹಗುರ. ಬಾಗಿಲ ಚಿಲಕವನ್ನೂ ಅಲ್ಯೂಮಿನಿಯಂನದು ಹುಡುಕಿ ತಂದಿದ್ದೆ. ಅಂಥ ಗಾಡಿಗೆ ಅರ್ಧ ಮೂಟೆ ರಾಗಿ ತುಂಬುತ್ತಾರೆಂದರೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ?

ಮಾವಿನ ಕಾಲ, ಮೋಡ ಕವಿದ ಬೆಳಗು. ನರಸಾಪುರದ ಮೇಲೆ ಕೋಲಾರಕ್ಕೆ ಮೂವತ್ತು ಕಿಲೋಮೀಟರಿಗೆ ಕೊಂಚ ಕಡಿಮೆ. ಎತ್ತಿನ ಗಾಡಿಯವರೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನವಾಗಿ ಓಡಿಸಿದೆ. ಗುಂಡಿ ಬಂದಾಗಲೆಲ್ಲ ಕ್ಯಾಬಿನ್ನಿನ ಹಿಂದಿನ ಸಣ್ಣ ಕಿಂಡಿಯಿಂದ ಸರೋಜ "ಪರವಾಗಿಲ್ಲ, ಹೋಗ್ರಿ" ಅನ್ನುತ್ತಿದ್ದಳು. ಕೋಲಾರದ ಗಡಿಯಾರದ ಗೋಪುರದ ಹತ್ತಿರ ನಿಲ್ಲಿಸಿ, ಅಮ್ಮನಿಗೆ ಗಾಳಿಯಾಗಲೆಂದು ಸೂರು ಎತ್ತಿದೆವು. ಇಡ್ಲಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಜಾತ್ರೆ ಸೇರಿತ್ತು.

"ಸ್ವಾಮಿ, ಇದು ಫ್ಯಾಮಿಲಿ ಪ್ಲಾನಿಂಗ್ ವ್ಯಾನಾ?" ಎಂದು ಒಬ್ಬ ಮುದುಕ ಕೇಳಿದ.

"ಹೌದು, ಹತ್ತು" ಅಂದೆ. ಗುಂಪು ಹಿಂದಕ್ಕೆ ಸರಿಯಿತು. ಅಮ್ಮ ಕಿಟಕಿಯಿಂದ ನಕ್ಕಿದ್ದು ಕೇಳಿಸಿತು. ಬಿದ್ದ ಮೇಲೆ ಅವಳು ಹಾಗೆ ಗಟ್ಟಿಯಾಗಿ ನಕ್ಕಿದ್ದು ನಾನು ಕೇಳಿರಲಿಲ್ಲ.

ಕೋಲಾರದಿಂದ ಮುಳಬಾಗಿಲು ರಸ್ತೆ ಹಿಡಿದರೆ ಮಧ್ಯಾಹ್ನದೊಳಗೆ ದೇವರಾಯಸಮುದ್ರ. ಸರಳ ದಾರಿ. ಆದರೆ ಅಮ್ಮ "ಮಗಳ ಮನೆ ಬಿಟ್ಟು ಅಕ್ಕನ ಮನೆಗೆ ಹೋದ್ರೆ ಲಕ್ಷ್ಮಿ ಏನಂದ್ಕೋತಾಳೋ" ಎಂದಳು. ಲಕ್ಷ್ಮಿ ನನ್ನ ಅಕ್ಕ, ಶ್ರೀನಿವಾಸಪುರದಲ್ಲಿದ್ದಾಳೆ. ಅಂದರೆ ಬಡಗಣಕ್ಕೆ ತಿರುಗಿ, ಅಲ್ಲಿಂದ ಮುಳಬಾಗಿಲಿಗೆ ಇಳಿದು, ಮತ್ತೆ ಹಿಂದಕ್ಕೆ ಬರಬೇಕು. ಕೈ ಸುತ್ತಿ ಮೂಗು ಹಿಡಿಯುವ ಕೆಲಸ. ಬೆಸುಗೆಯ ಪಟ್ಟಿ ಕಣ್ಣ ಮುಂದೆ ಬಂತು. ಅದು ಮುರಿದರೆ ಅಮ್ಮನನ್ನು ಎತ್ತಿ ಹಾಕಲು ಇನ್ನೊಂದು ಗಾಡಿ ಈ ಜಿಲ್ಲೆಯಲ್ಲೇ ಇಲ್ಲ. ಹೇಳಿದೆ. ಯಾರು ಕೇಳುತ್ತಾರೆ?

ಶ್ರೀನಿವಾಸಪುರದಲ್ಲಿ ಬಾವ ವೆಂಕಟರಮಣಪ್ಪ ಮಾವಿನ ತೋಟ ಗುತ್ತಿಗೆ ಹಿಡಿದಿದ್ದ. ಗಾಡಿಯನ್ನು ತೋಟದಲ್ಲೇ ನಿಲ್ಲಿಸಿ ಸೂರು ಎತ್ತಿದೆವು. ಕಿಟಕಿಯ ಅಳತೆಗೆ ಸರಿಯಾಗಿ ಒಂದು ರೆಂಬೆ, ರೆಂಬೆಯ ತುಂಬ ಕಾಯಿ. ಎರಡು ವರ್ಷದಿಂದ ಗೋಡೆಯ ಸುಣ್ಣವನ್ನೇ ನೋಡಿದ್ದ ಅಮ್ಮ ಮಲಗಿದಲ್ಲಿಂದಲೇ ಕೈ ಚಾಚಿ ಒಂದು ಕಾಯಿ ಮುಟ್ಟಿದಳು. ಅಷ್ಟು ಹೊತ್ತು ನನಗೆ ಸಿಟ್ಟಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಬಾವ ಸುತ್ತು ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. "ಏಮಯ್ಯಾ ಕೃಷ್ಣಪ್ಪ, ಡಬ್ಬ ಕಟ್ಟಿದ್ದೀಯಲ್ಲ. ಒಳಗೆ ಟೊಳ್ಳು."

"ಟೊಳ್ಳಲ್ಲ ಬಾವ, ಹಗುರ. ಇದರ ಮೇಲೆ ತೂಕ ಹಾಕಬಾರದು. ಅಮ್ಮ, ಸರೋಜ, ಒಂದು ಬಿಂದಿಗೆ ನೀರು, ಅಷ್ಟೇ."

"ಸರೇ ಸರೇ, ನಾಕು ತೆಲೀದಾ?" ಎಂದ, ನನಗೆ ಗೊತ್ತಿಲ್ಲವೇ ಎನ್ನುವ ಗತ್ತಿನಲ್ಲಿ.

ಮಾರನೆಯ ದಿನ ಹೊರಡುವಾಗ ಅಕ್ಕ ಒಂದು ಬುಟ್ಟಿ ಹಣ್ಣು ಹಿಡಿದು ಅಳುತ್ತ ನಿಂತಳು. "ದೊಡ್ಡಮ್ಮನಿಗೆ ನಮ್ಮ ತೋಟದ ಹಣ್ಣು ಬೇಡ್ವೇನೋ?" ಅಮ್ಮ "ಇರ್ಲಿ ಬಿಡೋ" ಎಂದಳು. ಒಂದು ಬುಟ್ಟಿಗೆ ಒಪ್ಪಿದೆ, ಅದನ್ನು ನನ್ನ ಪಕ್ಕದಲ್ಲೇ ಕ್ಯಾಬಿನ್ನಿನಲ್ಲಿ ಇಟ್ಟುಕೊಂಡೆ. ಬಾವ ಬಲು ವಿನಯದಿಂದ ಕೈ ಮುಗಿದು ನಿಂತಿದ್ದ. ಆ ವಿನಯ ನೋಡಿಯಾದರೂ ನನಗೆ ಅನುಮಾನ ಬರಬೇಕಾಗಿತ್ತು.

ಮುಳಬಾಗಿಲು ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಹೋಗಿರಬೇಕು. ಮಳೆ ಹನಿಯತೊಡಗಿತ್ತು. ಒಣ ಗರಿ ಮುರಿದಂಥ ಶಬ್ದ ಕೇಳಿತು. ಸರೋಜ ಕಿಂಡಿ ಬಡಿದಳು.

"ರೀ, ನಿಲ್ಸಿ. ಸೂರು ಇಳೀತಿದೆ."

ನಿಲ್ಲಿಸಿ ಹಿಂದೆ ಓಡಿದೆ. ಒಳಗೆ ಚಾವಣಿಯ ಹಾಳೆ ಬಸುರಿ ಹೊಟ್ಟೆಯ ಹಾಗೆ ಜೋತು ಅಮ್ಮನ ಮುಖದಿಂದ ಒಂದು ಮೊಳ ದೂರಕ್ಕೆ ಇಳಿದಿತ್ತು. ಸರೋಜ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಿದ್ದಳು. ಚಕ್ರದ ಮೇಲೆ ಕಾಲಿಟ್ಟು ಹತ್ತಿ ನೋಡಿದರೆ ಸೂರಿನ ನಟ್ಟನಡುವೆ ಎರಡು ಗೋಣಿ ಮಾವಿನಕಾಯಿ ಆರಾಮವಾಗಿ ಮಲಗಿದ್ದವು. ಸೂರು ಇಳಿಸಿ ನಾವು ಕಾಫಿ ಕುಡಿಯುವಾಗ ಬಾವ ಹತ್ತಿಸಿದ್ದು. ಸೂರು ನನ್ನ ತಲೆಗಿಂತ ಎತ್ತರ, ಅದರ ನಡುವೆ ಅಗಲವಾಗಿ ಮಲಗಿಸಿದ ಗೋಣಿ ನೆಲದಲ್ಲಿ ನಿಂತವನಿಗೆ ಕಾಣುವುದಿಲ್ಲ. ಗೋಡೆಯನ್ನು ತಟ್ಟಿ ಟೊಳ್ಳು ಎಂದವನು ಅದೇ ಟೊಳ್ಳಿನ ಮೇಲೆ ಎರಡು ಗೋಣಿ ಹೇರಿದ್ದ, ಅದೂ ಅತ್ತೆಯ ಮುಖದ ನೇರಕ್ಕೆ. ಪ್ರೀತಿಯಂತೆ ಪ್ರೀತಿ. ಇಂಥ ಪ್ರೀತಿಗೆ ಬೆಂಕಿ ಬೀಳಲಿ.

ಗೋಣಿಗಳನ್ನು ಒದ್ದು ಕೆಳಗೆ ಬೀಳಿಸಿದೆ. ಒಂದು ಹರಿದು ಕಾಯಿಗಳು ರಸ್ತೆಯ ತುಂಬ ಉರುಳಿದವು. ಪಕ್ಕದ ಹುಣಸೆ ಮರದಡಿ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ ಹತ್ತಿರ ಬಂದ.

"ಎಷ್ಟಕ್ಕೆ ಕೊಡ್ತೀರ?"

"ಪುಕ್ಸಟ್ಟೆ."

"ಯಾಕೆ, ಕೆಟ್ಟೋಗವಾ?"

"ಕೆಟ್ಟಿರೋದು ನನ್ನ ತಲೆ. ತಗೊಂಡು ಹೋಗಯ್ಯ."

ಅವನು ಎರಡು ಹೆಜ್ಜೆ ಹಿಂದಿಟ್ಟು, ಆಮೇಲೆ ಪಂಚೆ ಎತ್ತಿ ಕಟ್ಟಿ ಆರಿಸತೊಡಗಿದ. ಉಳಿದವರೂ ಬಂದರು.

ಸೂರನ್ನು ಮುಟ್ಟಿ ನೋಡಿದೆ. ಒಳಹಾಳೆಯ ಅಂಟು ನಡುವಿನಲ್ಲಿ ಪೂರ್ತಿ ಬಿಟ್ಟಿತ್ತು. ಮೇಲೆ ತಗ್ಗಾದ ಕಡೆ ಮಳೆ ನೀರು ನಿಲ್ಲತೊಡಗಿತ್ತು, ನಿಂತಷ್ಟೂ ಭಾರ. ಸರೋಜ ಮೆತ್ತಗೆ "ಶ್ರೀನಿವಾಸಪುರಕ್ಕೇ ವಾಪಸ್ ಹೋಗೋಣ್ರಿ. ಇನ್ನೊಂದು ಸಲ ಬಂದ್ರಾಯ್ತು" ಎಂದಳು. ಇನ್ನೊಂದು ಸಲ ಎಲ್ಲಿಂದ ಬರುತ್ತದೆ? ಅಮ್ಮನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

"ನಡಿಯೋ ಕಿಟ್ಟಾ" ಎಂದಳು ಅಮ್ಮ. "ಮೇಲೆ ಬಿದ್ರೆ ಬೀಳ್ಲಿ. ಹಗುರ ಅಂತ ನೀನೇ ಹೇಳ್ತಿದ್ದೆಯಲ್ಲ."

ರಸ್ತೆಯ ಆಚೆ ನೀಲಗಿರಿ ತೋಪು. ಊರ ರಾಗಿ ಹೊಲಗಳನ್ನೆಲ್ಲ ನುಂಗುತ್ತಿರುವ ಆ ಮರ ಕಂಡರೆ ನನಗಾಗದು. ಅವತ್ತು ಮಾತ್ರ ಅದರ ಒಂದು ಒಣ ಕೋಲನ್ನು ಅಳತೆಗೆ ಮುರಿದು, ನೆಲಕ್ಕೂ ಚಾವಣಿಗೂ ನಡುವೆ, ಅಮ್ಮನ ಹಾಸಿಗೆಯ ಪಕ್ಕ ಒತ್ತಿ ನಿಲ್ಲಿಸಿದೆ. ಕೋಲು ಚುಚ್ಚಿ ತೂತಾಗದಿರಲಿ ಎಂದು ಮೇಲ್ತುದಿಗೆ ಸರೋಜ ತನ್ನ ಸೀರೆಯೊಂದನ್ನು ಮಡಿಸಿ ಇಟ್ಟಳು.

"ಕಂಬ ನೆಟ್ಟೆಯಲ್ಲ, ಇನ್ನು ಮನೆ ಅನ್ನಬಹುದು" ಎಂದಳು ಅಮ್ಮ.

ಮುಳಬಾಗಿಲು ತಲುಪುವಾಗ ಮಳೆ ನಿಂತಿತ್ತು. ಅಲ್ಲಿ ದೋಸೆ ತಿನ್ನದೆ ಹೋಗುವುದು ಪಾಪ ಎನ್ನುತ್ತಾರೆ. ದಪ್ಪ ದೋಸೆ, ಅಂಚು ಕರುಕಲು, ಮೇಲೆ ತುಪ್ಪ. ನಾನು ನಿಂತುಕೊಂಡೇ ತಿಂದೆ, ರುಚಿ ಹತ್ತಲಿಲ್ಲ. ಹೋಟೆಲಿನವನು ಎಲ್ಲಿಗೆ ಎಂದು ಕೇಳಿ, ಮೊದಲು ಕುರುಡುಮಲೆ ಗಣಪನಿಗೆ ಹೋಗಿ ಬನ್ನಿ, ಆಮೇಲೆ ಮಿಕ್ಕ ಕೆಲಸ ಎಂದ. ಇನ್ನೊಂದು ಸುತ್ತು. ಅಮ್ಮ ಬಾಯಿ ತೆರೆಯುವ ಮೊದಲೇ ಗಾಡಿ ಚಾಲೂ ಮಾಡಿದೆ. ಅವಳು ಮಲಗಿದಲ್ಲೇ ಕೈ ಮುಗಿದಳಂತೆ, ಯಾವ ದಿಕ್ಕಿಗೋ.

ದೇವರಾಯಸಮುದ್ರದ ಕೆರೆಯಲ್ಲಿ ನೀರು ಅರ್ಧಕ್ಕಿತ್ತು. ಮನೆಯ ಓಣಿ ಇಕ್ಕಟ್ಟು, ಗಾಡಿ ಹೋಗುವುದಿಲ್ಲ. ಏರಿಯ ಕೆಳಗೆ ಅರಳಿಕಟ್ಟೆಯ ಪಕ್ಕ ನಿಲ್ಲಿಸಿ, ಕೋಲು ತೆಗೆದು, ಸೂರನ್ನು ನಾನೂ ಸರೋಜಳೂ ಕಷ್ಟಪಟ್ಟು ಎತ್ತಿದೆವು. ಒಂದು ಮೂಲೆ ಜೋತೇ ಇತ್ತು. ಅಮ್ಮ ತಲೆ ಬಾಚಿಸಿಕೊಂಡು, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

"ಹೋಗಿ ಹೇಳು. ನಿನ್ನ ತಂಗಿ ಬಂದವಳೆ, ಇಳಿಯಲ್ಲ, ನೀನೇ ಬರಬೇಕಂತೆ ಅಂತ ಹೇಳು. ಬಿದ್ದಿದ್ದು ಹೇಳ್ಬೇಡ."

ದೊಡ್ಡಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನಾನು ಎದುರಿಗೆ ನಿಂತರೂ ಮಾತಾಡಿಸಲಿಲ್ಲ. "ದೊಡ್ಡಮ್ಮ" ಅಂದೆ. ಅವಳು ನನ್ನ ಪಕ್ಕದ ಕಂಬದ ಕಡೆ ಮುಖ ತಿರುಗಿಸಿ "ಯಾರಪ್ಪ?" ಎಂದಳು.

ಒಳಗಿನಿಂದ ಬಂದ ಅವಳ ಮಗ ನಾಗಪ್ಪ ತಲೆ ತಗ್ಗಿಸಿದ. "ನಾಕು ವರ್ಷ ಆಯ್ತಣ್ಣ, ಎರಡೂ ಕಣ್ಣು ಹೋಗಿ. ಚಿಕ್ಕಮ್ಮನಿಗೆ ಹೇಳ್ಬೇಡ, ಎದೆ ಒಡ್ಕೋತಾಳೆ ಅಂತ ಆಣೆ ಹಾಕಿಸ್ಕೊಂಡವಳೆ."

ಕೋಪ ನೆತ್ತಿಗೇರಿತು. ಅವಳು ಇವಳಿಗೆ ಹೇಳಲಿಲ್ಲ, ಇವಳು ಅವಳಿಗೆ ಹೇಳಲಿಲ್ಲ, ಇಬ್ಬರೂ ಬರಲಿಲ್ಲವೆಂದು ಇಬ್ಬರೂ ಬೈದುಕೊಂಡು ಕೂತಿದ್ದರು. ನಲವತ್ತು ಮೈಲಿ ದೂರವಿಲ್ಲ. ಚೆನ್ನಾಗಿದ್ದೇವೆ ಎಂದು ಸುಳ್ಳು ಹೊತ್ತು ತಿರುಗಿದವರು ನಾವು, ಬುದ್ಧಿಯಿಲ್ಲದ ಮಕ್ಕಳು. ಆದರೂ ಅಮ್ಮ ಹೇಳಿಕಳಿಸಿದಷ್ಟನ್ನೇ ದೊಡ್ಡಮ್ಮನಿಗೆ ಹೇಳಿದೆ.

"ಮುನಿ ಯಾಕೆ ಒಳಗೆ ಬರಲ್ಲ? ನನ್ಮೇಲೆ ಕೋಪವೇ?" ಎಂದಳು ದೊಡ್ಡಮ್ಮ. ಅಮ್ಮನ ಹೆಸರು ಮುನಿಯಮ್ಮ.

ನಾನು ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡೆ. ಕೋಣೆ ಕಟ್ಟುತ್ತ ಮೂರು ತಿಂಗಳು ಬರೀ ತೂಕವನ್ನೇ ಯೋಚಿಸಿದವನು ನಾನು. ಚೌಡಮ್ಮನವರ ರಾಗಿ ಮೂಟೆಯಷ್ಟೂ ಅವಳಿರಲಿಲ್ಲ.

ಹಾಸಿಗೆಯ ಅಂಚಿನಲ್ಲಿ ಕೂರಿಸಿದೆ. ಅವಳ ಕೈ ಅಮ್ಮನ ಮುಖ, ಭುಜ, ಸೊಂಟ ಎಲ್ಲ ತಡವುತ್ತ ಹೋಯಿತು.

"ಯಾಕೇ ಮಲಗಿದ್ದೀಯ? ಏಳೇ."

"ಏಳೋಕಾಗಲ್ಲ ಅಕ್ಕಯ್ಯ. ಬಿದ್ದೆ. ನೀನ್ಯಾಕೆ ಅತ್ಲಾಗೆ ನೋಡ್ತೀಯ? ನನ್ನ ನೋಡು."

"ಕಾಣಲ್ಲ ಕಣೇ."

ಆಮೇಲೆ ಇಬ್ಬರೂ ಬೈದಾಡಿದರು. ಯಾಕೆ ಹೇಳಲಿಲ್ಲ ಎಂದು ಅವಳು, ನೀನ್ಯಾಕೆ ಹೇಳಲಿಲ್ಲ ಎಂದು ಇವಳು. ತೆಲುಗಿನಲ್ಲಿ ಸ್ವಲ್ಪ, ಕನ್ನಡದಲ್ಲಿ ಸ್ವಲ್ಪ. ಬೈಗುಳ ಮುಗಿದು ಅಳು, ಅಳು ಮುಗಿದು ಮಾವಿನ ಹಣ್ಣು. ನಾನು ಅರಳಿಕಟ್ಟೆಯ ಮೇಲೆ ಕೂತು ಜೋತ ಮೂಲೆಯನ್ನೇ ನೋಡುತ್ತಿದ್ದೆ.

ಸಂಜೆಯಾಗುವುದರೊಳಗೆ ಹೊರಡಬೇಕಿತ್ತು. ನಾಗಪ್ಪ ಒಂದು ಮೂಟೆ ರಾಗಿ ಹೊತ್ತು ತಂದ. "ಇಳಿಸು" ಅಂದೆ. ನನ್ನ ದನಿ ಕೇಳಿ ಇಳಿಸಿದ. ಆಗ ದೊಡ್ಡಮ್ಮ ಗಾಡಿಯೊಳಗಿನಿಂದ ಸೊಸೆಯನ್ನು ಕೂಗಿ, ಮೊರದಲ್ಲಿ ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ ತರಲು ಹೇಳಿದಳು. ತಂಗಿಗೆ ಮಡಿಲು ತುಂಬಬೇಕಂತೆ.

ಸೊಸೆ ತಂದಳು. ಆದರೆ ಗಾಡಿಯ ಹತ್ತಿರ ನಿಂತುಬಿಟ್ಟಳು. ಕಟ್ಟೆಯ ಸುತ್ತ ಹೆಂಗಸರು ಸೇರಿದ್ದರು. ಒಬ್ಬಾಕೆ "ಗಂಡ ಇಲ್ಲದೋರಿಗೆ ಮಡಿಲಕ್ಕಿ ಯಾವ ಶಾಸ್ತ್ರದಲ್ಲಿದೆ? ತುಂಬೋಳಿಗೂ ಇಲ್ಲ, ತುಂಬಿಸ್ಕೊಳೋಳಿಗೂ ಇಲ್ಲ" ಎಂದಳು. ಅಮ್ಮ ಕೇಳಿಸಿಕೊಂಡಳು. ಬಸ್ ಸ್ಟ್ಯಾಂಡಿನ ನೆಲದಲ್ಲಿ ಕೇಳಿಸಿಕೊಂಡ ಹಾಗೆಯೇ, ಕಣ್ಣು ಮುಚ್ಚಿ. ಅಪ್ಪ ಹೋದ ಮೇಲೆ ಅವಳು ತವರಿಗೆ ಬಂದಾಗಲೆಲ್ಲ ಬರೀ ಮಡಿಲಲ್ಲಿ ಹಿಂದಿರುಗಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಬರಿಗೈಲಿ ಕಳಿಸಬಾರದು ಎಂದು ದಾರಿಯುದ್ದಕ್ಕೂ ಗೋಣಿ ಹೇರುವ ಈ ಜನ, ಒಬ್ಬ ಹೆಂಗಸಿಗೆ ಬೊಗಸೆ ಅಕ್ಕಿ ಕೊಡಲು ಶಾಸ್ತ್ರ ಕೇಳುತ್ತಿದ್ದರು. ಬಾವನ ಮೇಲಿದ್ದ ಸಿಟ್ಟು ಏನೂ ಅಲ್ಲ ಎನ್ನಿಸಿತು. ಸೊಸೆಯ ಕೈಯಿಂದ ಮೊರವನ್ನು ಕಿತ್ತುಕೊಂಡು ನಾನೇ ಒಳಗಿಟ್ಟೆ.

"ಕೃಷ್ಣಪ್ಪ, ಆ ಪರದೆಗಳನ್ನ ಇಳಿಸಿ ನೀನು ಕೆಳಗಿಳಿ" ಎಂದಳು ದೊಡ್ಡಮ್ಮ. "ಇನ್ನು ಯಾರು ನೋಡ್ತಾರೆ? ನನಗಂತೂ ಕಾಣಲ್ಲ."

ಸುತ್ತಲಿನ ಕಿಟಕಿ ಪರದೆಗಳನ್ನು ಒಂದೊಂದಾಗಿ ಇಳಿಬಿಟ್ಟೆ. ಸರೋಜಳೂ ಇಳಿದು ಬಂದಳು. ಬಾಗಿಲಿಗೆ ಬೆನ್ನು ಕೊಟ್ಟು, ಹೆಂಗಸರ ಕಡೆ ಮುಖ ಮಾಡಿ ನಿಂತೆ. ಯಾರೂ ಹತ್ತಿರ ಬರಲಿಲ್ಲ. ಒಳಗೆ ಅಕ್ಕಿ ಬೀಳುವ ಸದ್ದು, ಅರ್ಧ ಸೀರೆಯ ಮೇಲೆ, ಅರ್ಧ ಪ್ಲೈವುಡ್ಡಿನ ಮೇಲೆ. ಕಣ್ಣಿಲ್ಲದ ಕೈ ಅದು.

ದೊಡ್ಡಮ್ಮನನ್ನು ಎತ್ತಿ ಅರಳಿಕಟ್ಟೆಯ ಹತ್ತಿರ ನಿಲ್ಲಿಸಿ, ಸೂರು ಇಳಿಸಿ, ಕೋಲು ನಿಲ್ಲಿಸಿ ಹೊರಟೆವು. ಚೆಲ್ಲಿದ ಅಕ್ಕಿಯನ್ನು ಸರೋಜ ಒಂದು ಕಾಳೂ ಬಿಡದೆ ಆರಿಸುತ್ತಿದ್ದಳು.

ಏರಿ ಹತ್ತಿ ಕನ್ನಡಿಯಲ್ಲಿ ನೋಡಿದೆ. ದೊಡ್ಡಮ್ಮ ಕೈ ಎತ್ತಿ ಬೀಸುತ್ತಿದ್ದಳು, ನಾವಿಲ್ಲದ ಕಡೆಗೆ. ಪಕ್ಕದಲ್ಲಿ ಅಷ್ಟು ಹೆಂಗಸರಿದ್ದರು, ಒಬ್ಬಳಾದರೂ ಹಿಡಿದು ಈ ಕಡೆ ತಿರುಗಿಸಲಿಲ್ಲ. ನಾನು ಹಾರನ್ ಒತ್ತಿದೆ. ಅವಳು ನಿಂತಲ್ಲೇ ಮೆಲ್ಲಗೆ ತಿರುಗಿದಳು. ಕೈ ಬಿಡದೆ ಒತ್ತಿ ಹಿಡಿದೆ. ಕೆಳಗಿನ ಗದ್ದೆಯಿಂದ ಯಾರೋ ತಲೆ ಎತ್ತಿ "ಯಾವನ್ಲಾ ಅವನು, ಹುಚ್ಚು ಮುಂಡೇದು" ಎಂದು ಕೂಗಿದ.

ಕಿಂಡಿಯಲ್ಲಿ ಅ‌ಮ್ಮನ ದನಿ ಕೇಳಿತು.

"ಈ ಕಡೆ ತಿರುಗಿದ್ಲಾ?"

"ತಿರುಗಿದ್ಲಮ್ಮ."

"ಹಂಗಾದ್ರೆ ಒತ್ತೋ," ಎಂದಳು. "ಬಿಡ್ಬೇಡ."